ಎರಡನೇ ಸಲ ನೋಡಿ: ಪಿಜಿ ರೂಮಿನಿಂದ ಹೊರಬೀಳಲು 11 ಸೂತ್ರಗಳು

ಭಾನುವಾರ ಬೆಳಗ್ಗೆ ಹತ್ತೂವರೆ. ಬೆಂಗಳೂರಿನ ಸುದ್ದಗುಂಟೆಪಾಳ್ಯದ ಯಾವುದೋ ಪಿಜಿಯ ನಾಲ್ಕನೇ ಮಹಡಿ, ತ್ರೀ ಶೇರಿಂಗ್ ರೂಮು. ಕೆಳಗೆ ತಿಂಡಿ ಖಾಲಿಯಾಗಿದೆ, ನೀವಿನ್ನೂ ಹಾಸಿಗೆಯಲ್ಲಿದ್ದೀರಿ. ಕೈಯಲ್ಲಿ ಫೋನು. ಫೋನಿನೊಳಗೆ ಯಾರದೋ ಲಡಾಖ್, ಯಾರದೋ ಬಾಲಿ. ಹೆಬ್ಬೆರಳು ತಳ್ಳುತ್ತಲೇ ಇದೆ, ಮನಸ್ಸು ಗೊಣಗುತ್ತಲೇ ಇದೆ: "ನಮಗೆಲ್ಲಿ ಬಿಡು ಇದೆಲ್ಲ. ರಜೆ ಇಲ್ಲ, ದುಡ್ಡಿಲ್ಲ, ಒಳ್ಳೆ ಕ್ಯಾಮೆರಾ ಇಲ್ಲ."

ಈ ಮೂರು 'ಇಲ್ಲ'ಗಳು ಉಗುರು ಕಚ್ಚುವ ಚಟದಂಥವು. ಚಟವೆಂದ ಮೇಲೆ ಬಿಡಿಸಬಹುದು. ಇವತ್ತೇ ಶುರು ಮಾಡಿ.

ಕಾಲೇಜಿನ ಪ್ರಾಜೆಕ್ಟ್ ಇರಲಿ, ಆಫೀಸಿನ ಪ್ರೆಸೆಂಟೇಷನ್ ಇರಲಿ, ಎಲ್ಲರಿಗೂ ಕಂಡದ್ದೇ ನಿಮಗೂ ಕಂಡರೆ ನಿಮ್ಮನ್ನು ಯಾರು ಕೇಳುತ್ತಾರೆ? ಕಣ್ಣು ಪಳಗಬೇಕು. ಅದಕ್ಕೆ ನನಗೆ ಗೊತ್ತಿರುವುದು ಎರಡೇ ದಾರಿ. ಒಂದು, ಹೊರಗೆ ನಡೆಯುವುದು. ಇನ್ನೊಂದು, ಕಂಡದ್ದನ್ನು ಎರಡನೇ ಸಲ ನೋಡುವುದು. ಮೊದಲನೆಯದನ್ನು ಕಾಲು ಮಾಡುತ್ತದೆ, ಎರಡನೆಯದನ್ನು ಕ್ಯಾಮೆರಾ ಮಾಡಿಸುತ್ತದೆ. ಖುಷಿ ಈ ಎರಡರ ನಡುವೆ ಎಲ್ಲೋ ಸಿಗುತ್ತದೆ. ಸಿಕ್ಕೇ ಸಿಗುತ್ತದೆ.

1. ಕ್ಯಾಮೆರಾ ಕೊಳ್ಳಬೇಡಿ. ಈಗಲೇ ಬೇಡ.

ಮೊದಲ ಆರು ತಿಂಗಳು ಜೇಬಿನಲ್ಲಿರುವ ಫೋನೇ ನಿಮ್ಮ ಕ್ಯಾಮೆರಾ. ಇಎಂಐ ಹಾಕಿ ಡಿಎಸ್‌ಎಲ್‌ಆರ್ ತಂದವರ ಕಥೆಗಳು ನನಗೆ ಗೊತ್ತು: ಮೂರು ತಿಂಗಳು ಉತ್ಸಾಹ, ಆಮೇಲೆ ಬೀರುವಿನೊಳಗೆ ಲೆನ್ಸಿಗೆ ಫಂಗಸ್. (ಅವುಗಳಲ್ಲಿ ಒಂದು ಕಥೆ ನನ್ನದೇ.)

ಈಗ ನಾಲ್ಕು ಕೆಲಸ ಮಾಡಿ. ಲೆನ್ಸ್ ಒರೆಸಿ, ಬೆರಳಿನ ಜಿಡ್ಡು, ಸಮೋಸದ ಜಿಡ್ಡು ಎರಡೂ ಅಲ್ಲೇ ಕೂತಿರುತ್ತವೆ, ರಾತ್ರಿ ಫೋಟೊದಲ್ಲಿ ದೀಪದ ಸುತ್ತ ಮಬ್ಬು ಕವಿಯುವುದು ಅದರಿಂದಲೇ. ಸೆಟ್ಟಿಂಗ್ಸ್‌ಗೆ ಹೋಗಿ ಗ್ರಿಡ್ ಆನ್ ಮಾಡಿ; ಗೆರೆಗಳು ಕಣ್ಣ ಮುಂದಿದ್ದರೆ ಕಟ್ಟಡ ವಾಲುವುದಿಲ್ಲ, ಮುಖ್ಯ ವಸ್ತುವನ್ನು ನಟ್ಟನಡುವೆ ತುರುಕುವ ಅಭ್ಯಾಸವೂ ತಪ್ಪುತ್ತದೆ. ಪರದೆಯ ಮೇಲೆ ಬೆಳಕಿರುವ ಜಾಗವನ್ನು ಒತ್ತಿ, ಬ್ರೈಟ್‌ನೆಸ್ ಸ್ವಲ್ಪ ಕೆಳಗೆಳೆಯಿರಿ. ಕತ್ತಲಾದದ್ದನ್ನು ಆಮೇಲೆ ಎಡಿಟ್‌ನಲ್ಲಿ ಒಂದಿಷ್ಟು ಎತ್ತಬಹುದು, ಪೂರ್ತಿ ಬೆಳ್ಳಗಾದದ್ದು ಹೋದಂತೆಯೇ. ನಾಲ್ಕನೆಯದು: ಎರಡು ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ. ನಡೆದು ಹತ್ತಿರ ಹೋಗಿ.

2. ನಿಮ್ಮ ಗಲ್ಲಿಯಲ್ಲೇ 36 ಫೋಟೊ ತೆಗೆಯಿರಿ.

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಮುಗಿದರೆ ಮುಗಿಯಿತು. ಅದಕ್ಕೇ ಆಗಿನವರು ಬಟನ್ ಒತ್ತುವ ಮೊದಲು ಯೋಚಿಸುತ್ತಿದ್ದರು. ನೀವೂ ಒಂದು ಭಾನುವಾರ 36ಕ್ಕೆ ಕಟ್ಟುಬೀಳಿ. ಮೂವತ್ತೇಳನೆಯದು ಇಲ್ಲ.

ಪಾಳ್ಯ ಇದಕ್ಕೆ ಹೇಳಿಮಾಡಿಸಿದ ಜಾಗ. ಇಸ್ತ್ರಿ ಗಾಡಿಯ ಕೆಂಡ, ಮೊಮೊ ಗಾಡಿಯ ಹಬೆ, ಮಲಯಾಳಂ ಬೋರ್ಡಿನ ಪಕ್ಕದಲ್ಲೇ ಬಂಗಾಳಿ ಮೀನಿನ ಹೋಟೆಲು, ಹೆಂಚಿನ ಒಂದು ಮನೆಗೆ ಒತ್ತರಿಸಿಕೊಂಡು ನಿಂತ ಐದಂತಸ್ತಿನ ಪಿಜಿ, ಮೆಟ್ಟಿಲ ಕೆಳಗೆ ಸಾಲಾಗಿ ಖಾಲಿ ನೀರಿನ ಕ್ಯಾನು. ದಿನಾ ಇದರ ಮಧ್ಯೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆದುಬಿಡುತ್ತೀರಿ.

ಒಂದು ವಾರ ಬಾಗಿಲುಗಳನ್ನು ಮಾತ್ರ ತೆಗೆಯಿರಿ. ಮುಂದಿನ ವಾರ ಕೆಂಪು ಬಣ್ಣ ಮಾತ್ರ. ಅದರ ಮುಂದಿನ ವಾರ ಕೈಗಳು ಮಾತ್ರ: ಟೀ ಎತ್ತಿ ಸುರಿಯುವ ಕೈ, ಹೂ ಕಟ್ಟುವ ಕೈ. ಹುಡುಕುವ ವಸ್ತು ಒಂದೇ ಆದಾಗ ಕಣ್ಣು ಚುರುಕಾಗುತ್ತದೆ. ಕೆಲಸದಲ್ಲೂ ಹಾಗೇ. ಕೈಯಲ್ಲಿ ಒಂದೇ ಪ್ರಶ್ನೆ ಹಿಡಿದು ಮೀಟಿಂಗ್‌ಗೆ ಹೋಗಿ ನೋಡಿ.

3. ಬೆಳಕಿನ ಟೈಮ್‌ಟೇಬಲ್ ಬಾಯಿಪಾಠ ಮಾಡಿ.

ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ವರ್ಷವಿಡೀ ಸುಮಾರು 5:50ರಿಂದ 6:45ರ ಒಳಗೆ. ಮೊದಲ ಒಂದು ಗಂಟೆ ನಿಮ್ಮದು. ಆಗ ಬಿಸಿಲು ಪಕ್ಕದಿಂದ ಬರುತ್ತದೆ, ನೆರಳು ಉದ್ದವಾಗಿರುತ್ತದೆ, ಬಣ್ಣ ಬೆಚ್ಚಗಿರುತ್ತದೆ. ಹನ್ನೊಂದರ ಹೊತ್ತಿಗೆ ಬಿಸಿಲು ನೆತ್ತಿಯ ಮೇಲಿಂದ ಸುರಿದು ಎಲ್ಲರ ಕಣ್ಣ ಕೆಳಗೂ ಕಪ್ಪು ಬಳಿಯುತ್ತದೆ. ಹತ್ತೂವರೆಗೆ ಏಳುವವರಿಗೆ ಸಿಗುವುದು ಅದೇ.

ಆರಕ್ಕೆ ಹೊರಡಿ. ಡೇರಿ ಸರ್ಕಲ್ ದಾಟಿ ಡಾ. ಎಂ.ಎಚ್. ಮರಿಗೌಡ ರಸ್ತೆ ಹಿಡಿದು ನಡೆದರೆ ಲಾಲ್‌ಬಾಗ್ ಮೂರು ಕಿಲೋಮೀಟರ್ ಆಸುಪಾಸು. ಮರಿಗೌಡರು ಅದೇ ಲಾಲ್‌ಬಾಗನ್ನು ಬೆಳೆಸಿದ ತೋಟಗಾರಿಕೆಯ ದೊಡ್ಡ ಹೆಸರು. ಅವರ ರಸ್ತೆಯಲ್ಲೇ ಅವರ ತೋಟಕ್ಕೆ ಹೋಗುತ್ತೀರಿ. ಒಳಗೆ 1889ರ ಗಾಜಿನ ಮನೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಬಂಡೆ ಹತ್ತಿ. ಕೆಂಪೇಗೌಡ ಗೋಪುರ ನಿಂತಿರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಎಳೆ ಬಿಸಿಲು ಬಿದ್ದಾಗ ಅದರ ಮೈಮೇಲಿನ ಪಟ್ಟೆಗಳು ಒಂದೊಂದಾಗಿ ಏಳುತ್ತವೆ. ಮಧ್ಯಾಹ್ನ ಹೋದರೆ ಬರೀ ಬೂದು ಕಲ್ಲು.

ಬೆಳಕಿಗೆ ಕಾದು ಕೂರುವುದು ನಮ್ಮವರಿಗೆ ಹೊಸದೇನಲ್ಲ. ಗವಿಪುರದ ಗವಿಗಂಗಾಧರೇಶ್ವರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಕೆಲವು ನಿಮಿಷದ ಆ ಬೆಳಕಿಗಾಗಿ ಸಾವಿರಾರು ಜನ ಕಾಯುತ್ತಾರೆ. ನೀವು ಅಲಾರ್ಮ್ ಸ್ನೂಜ್ ಮಾಡದಿದ್ದರೆ ಸಾಕು.

4. ಕಲ್ಲಿನ ಮುಂದೆ ಕೂತು ಕಲಿಯಿರಿ.

ಇದು ನನ್ನ ಮೆಚ್ಚಿನ ಸೂತ್ರ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಪಾಳ್ಯದಿಂದ ಮಡಿವಾಳ ಎಷ್ಟು ದೂರ? ಬಸ್ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟರೆ ನಡೆದೇ ಬೇಗ ಮುಟ್ಟುವಷ್ಟು. ಅಲ್ಲೊಂದು ಸೋಮೇಶ್ವರ ದೇವಸ್ಥಾನವಿದೆ. ಊರಿಗೆ ಹೋಗುವ ನೈಟ್ ಬಸ್ಸಿಗಾಗಿ ಮಡಿವಾಳದಲ್ಲಿ ಗಂಟೆಗಟ್ಟಲೆ ಕಾದಿದ್ದೀರಿ, ಆ ಗುಡಿಯ ಗೋಡೆಯನ್ನು ಒಮ್ಮೆಯೂ ನೋಡಿಲ್ಲ. ಹೊರಗೋಡೆಯ ಮೇಲೆ ತಮಿಳು ಶಾಸನಗಳಿವೆ. 1247ರ ಒಂದು ಶಾಸನ 'ವೆಂಗಳೂರಿನ ದೊಡ್ಡ ಕೆರೆ'ಯ ಕೆಳಗಿನ ಭೂಮಿಯನ್ನು ದಾನ ಕೊಟ್ಟದ್ದನ್ನು ಹೇಳುತ್ತದೆ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ ಇನ್ನೊಂದು ಶಾಸನದಲ್ಲಿ 'ತಾಮರೈಕ್ಕಿರೈ' ಎಂಬ ಊರಿನ ಹೆಸರಿದೆ. ಬಾಯಿಬಿಟ್ಟು ಹೇಳಿ ನೋಡಿ: ತಾಮರೈ ಎಂದರೆ ತಾವರೆ. ತಾವರೆಕೆರೆ! ನೀವು ರೀಚಾರ್ಜ್ ಮಾಡಿಸುವ, ಬಿರಿಯಾನಿ ಪಾರ್ಸೆಲ್ ತರುವ ಅದೇ ತಾವರೆಕೆರೆ. ಕೆರೆ ಹೋಗಿ ಮೇನ್ ರೋಡ್ ಬಂತು. ಹೆಸರು ಮಾತ್ರ ಏಳು ಶತಮಾನ ಉಳಿದುಕೊಂಡಿತು.

ಮುಂದಿನ ವಾರ ಬೇಗೂರಿಗೆ ಹೋಗಿ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿದೆ. ಹಳಗನ್ನಡ. ನಾಗತ್ತರನೆಂಬ ಅಧಿಕಾರಿಯ ಕಡೆಯವನೊಬ್ಬ 'ಬೆಂಗಳೂರ' ಕಾಳಗದಲ್ಲಿ ಮಡಿದದ್ದನ್ನು ಅದು ಹೇಳುತ್ತದೆ. ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಹಿಂದೆ ಬೆಂಗಳೂರು ಎಂಬ ಹೆಸರು ಇತ್ತು ಎನ್ನುವುದಕ್ಕೆ ಆ ಕಲ್ಲೇ ಸಾಕ್ಷಿ. 'ಬೆಂದ ಕಾಳಿನ ಊರು' ಕಥೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವ ಅಂಕಲ್‌ಗಳಿಗೆ ಈ ಕಲ್ಲಿನ ಫೋಟೊ ಕಳಿಸಿ.

ಈಗ ಟೆಕ್ನಿಕ್. ಶಾಸನದ ಮುಂದೆ ನಿಂತು ಫ್ಲ್ಯಾಶ್ ಹೊಡೆದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಅಕ್ಷರ ಮಾಯ. ಬೆಳಕು ಅಡ್ಡಲಾಗಿ, ಕಲ್ಲಿನ ಮೈ ಸವರಿಕೊಂಡು ಬರಬೇಕು. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಹೋಗಿ. ನೆರಳಿನ ಜಾಗವಾದರೆ ಗೆಳೆಯನ ಫೋನ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಸಿ ನಿಧಾನವಾಗಿ ಸುತ್ತಿಸಿ. ಒಂದು ಕೋನದಲ್ಲಿ ಅಕ್ಷರಗಳ ಗುಳಿಯೊಳಗೆ ನೆರಳು ತುಂಬಿಕೊಂಡು ಸಾಲು ಸಾಲಾಗಿ ಎದ್ದು ಬರುತ್ತವೆ. ಮೊದಲ ಸಲ ಇದನ್ನು ಕಂಡಾಗ ನಾನು ಜೋರಾಗಿ ಕೂಗಿಬಿಟ್ಟಿದ್ದೆ. ಅರ್ಚಕರು ಹೊರಗೆ ಬಂದು ನೋಡಿ ಹೋದರು. ಅಕ್ಷರ ಕಾಣಲೆಂದು ಸೀಮೆಸುಣ್ಣವನ್ನಾಗಲೀ ಹಿಟ್ಟನ್ನಾಗಲೀ ಕಲ್ಲಿಗೆ ಬಳಿಯಬೇಡಿ. ಮುಟ್ಟಲೂ ಬೇಡಿ.

ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಪ್ರಕಟಿಸಿದ್ದು 1905ರಲ್ಲಿ. ಆಮೇಲೆ ಎಷ್ಟೋ ಕಲ್ಲುಗಳು ಚರಂಡಿಗೆ, ಪಾಯಕ್ಕೆ, ಲೇಔಟಿಗೆ ಹೋದವು. ಈಗ ಮಿಥಿಕ್ ಸೊಸೈಟಿಯ ತಂಡ ಉಳಿದವನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಮಾಡುವ ಕೆಲಸ ಅದೇ: ಯಾರೋ ಒಮ್ಮೆ ನೋಡಿದ್ದನ್ನು ಎರಡನೇ ಸಲ, ಇನ್ನೂ ಹತ್ತಿರದಿಂದ ನೋಡುವುದು.

5. ಗುರುಗಳನ್ನು ಆರಿಸಿಕೊಳ್ಳಿ.

ಇನ್‌ಫ್ಲುಯೆನ್ಸರ್‌ಗಳನ್ನು ಮ್ಯೂಟ್ ಮಾಡಿ, ಈ ಮೂವರನ್ನು ಹುಡುಕಿ ನೋಡಿ.

ಮೈಸೂರಿನ ಟಿ.ಎಸ್. ಸತ್ಯನ್ (1923–2009). ಫೋಟೊ ಜರ್ನಲಿಸ್ಟ್, 1977ರಲ್ಲಿ ಪದ್ಮಶ್ರೀ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಅವರ ಫೋಟೊಗಳಲ್ಲಿ ದೊಡ್ಡ ಘಟನೆಗಿಂತ ದಿನನಿತ್ಯದ ಬದುಕೇ ಹೆಚ್ಚು: ಆಡುವ ಹುಡುಗರು, ನಗುವ ಮುದುಕರು. 'ಕಾಲಕ್ಕೆ ಕನ್ನಡಿ' ಎಂಬ ಅವರ ಪುಸ್ತಕ ಕನ್ನಡದಲ್ಲೇ ಇದೆ, ಓದಿ. 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ಅವರ ಚಿತ್ರಗಳ ಸಂಗ್ರಹವಿದೆ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017). ವನ್ಯಜೀವಿ ಛಾಯಾಗ್ರಹಣದಲ್ಲಿ ದೇಶಕ್ಕೇ ಗುರುಸ್ಥಾನದವರು. ಅವರಿಗೂ ಒಬ್ಬ ಗುರುವಿದ್ದರು, ಒ.ಸಿ. ಎಡ್ವರ್ಡ್ಸ್. ಪೆರುಮಾಳ್ ಅವರ ಹಕ್ಕಿಗಳನ್ನು ನೋಡಿದರೆ ಮರೆಯಲ್ಲಿ ಅಲುಗಾಡದೆ ಕೂತ ಗಂಟೆಗಳು ಚಿತ್ರದೊಳಗೇ ಕಾಣುತ್ತವೆ.

ಮೂರನೆಯವರು ಸಂಡೂರಿನ ಎಂ.ವೈ. ಘೋರ್ಪಡೆ. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರು. ಜೊತೆಗೆ ಕಪ್ಪು–ಬಿಳುಪಿನಲ್ಲಿ ಆನೆ, ಕಾಡು, ಬೆಳಕುಗಳನ್ನು ಹಿಡಿದ ಛಾಯಾಗ್ರಾಹಕರು. ರಾಜ್ಯದ ಬಜೆಟ್ ಮಾಡುವ ಮನುಷ್ಯನಿಗೆ ಕಾಡಿಗೆ ಹೋಗಲು ಟೈಮ್ ಸಿಗುತ್ತಿತ್ತು. ನಿಮಗೆ ಸ್ಪ್ರಿಂಟ್ ಇದೆ, ಸ್ಟ್ಯಾಂಡ್‌ಅಪ್ ಇದೆ, ಆದ್ದರಿಂದ ಆಗುವುದಿಲ್ಲ ಎನ್ನುತ್ತೀರಿ!

ಒಬ್ಬೊಬ್ಬರ ಒಂದೊಂದು ಚಿತ್ರ ತೆಗೆದುಕೊಳ್ಳಿ, ಐದು ನಿಮಿಷ ನೋಡಿ. ಬೆಳಕು ಎಲ್ಲಿಂದ ಬಂತು? ಇವರು ಎಲ್ಲಿ ನಿಂತಿದ್ದರು? ಏನನ್ನು ಬಿಟ್ಟರು? ಬರೆದಿಡಿ. ಜೊತೆ ಬೇಕೆನಿಸಿದರೆ 1971ರಿಂದ ಬೆಂಗಳೂರಿನಲ್ಲಿರುವ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಕಡೆ ಸೇರಿ. ನಿಮಗಿಂತ ಚೆನ್ನಾಗಿ ತೆಗೆಯುವವರ ಪಕ್ಕ ನಿಲ್ಲುವುದಕ್ಕೆ ನಾಚಿಕೆಪಟ್ಟರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

6. ಹೋದ ಜಾಗಕ್ಕೇ ಮತ್ತೆ ಹೋಗಿ.

'ಅದು ನೋಡಾಯ್ತು' ಎನ್ನುವ ಮಾತನ್ನು ಡಿಕ್ಷನರಿಯಿಂದ ತೆಗೆದುಹಾಕಿ.

50 ರೂಪಾಯಿ ನೋಟು ತಿರುಗಿಸಿ. ಹಂಪಿಯ ಕಲ್ಲಿನ ರಥವಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯನ್ನೆಲ್ಲ ಚಿತ್ರಿಸಿದ. ಅವನ ಚಿತ್ರದಲ್ಲಿ ಆ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರವಿದೆ! ಇವತ್ತು ಅದಿಲ್ಲ. ಗ್ರೀನ್‌ಲಾನ ಫೋಟೊ ಇಲ್ಲದಿದ್ದರೆ ಅದು ಹೇಗಿತ್ತೆಂಬುದು ನಮಗೆ ಹೀಗೆ ಕಣ್ಣಾರೆ ಕಾಣುತ್ತಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿಕೊಂಡು ಹೋಗಿ ಮತ್ತೆ ಕ್ಲಿಕ್ಕಿಸಿದ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷ ಒಂದೇ ನೋಟಕ್ಕೆ ಸಿಗುತ್ತದೆ. ನಾನು ಮೊದಲ ಸಲ ಹಂಪಿಗೆ ಹೋದಾಗ ಎರಡು ದಿನದಲ್ಲಿ ಒಂಬೈನೂರು ಫೋಟೊ ಹೊಡೆದಿದ್ದೆ. ಒಂದೂ ನೆನಪಿಲ್ಲ. ಆ ಜೋಡಿ ಚಿತ್ರಗಳು ನೆನಪಿವೆ.

ಇಷ್ಟಕ್ಕೆಲ್ಲ ಹಂಪಿಯೇ ಬೇಕಿಲ್ಲ. ಜಯದೇವ ಫ್ಲೈಓವರ್ ನೆನಪಿದೆಯೇ? ಮೆಟ್ರೊಗಾಗಿ 2020ರಲ್ಲಿ ಒಡೆದರು. ಅದರ ಕೆಳಗೆ ಪ್ರತಿದಿನ ಸಿಗ್ನಲ್ಲಿಗೆ ನಿಂತವರಲ್ಲಿ ಎಷ್ಟು ಜನರ ಬಳಿ ಅದರದ್ದೊಂದು ಒಳ್ಳೆಯ ಫೋಟೊ ಇದೆ? ಅದೇ ದಾರಿಯಲ್ಲಿ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 2024ರಲ್ಲಿ ಡಬಲ್ ಡೆಕ್ಕರ್ ಫ್ಲೈಓವರ್ ತೆರೆಯಿತು. 2025ರ ಆಗಸ್ಟಿನಲ್ಲಿ ಅದರ ಮೇಲೆ ಹಳದಿ ಮೆಟ್ರೊ ಓಡತೊಡಗಿತು. ನಿಮ್ಮ ಕಣ್ಣ ಮುಂದೆಯೇ ಒಂದು ಊರು ಮತ್ತೊಂದಾಗುತ್ತಿದೆ, ನೀವು ರೀಲ್ಸ್‌ನಲ್ಲಿ ಬಾಲಿ ನೋಡುತ್ತಿದ್ದೀರಿ.

ಒಂದು ಜಾಗ ಆರಿಸಿ. ನಿಂತ ಸ್ಥಳಕ್ಕೆ ಗುರುತು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅಲ್ಲೇ, ಅದೇ ಎತ್ತರದಿಂದ ಒಂದು ಫೋಟೊ. ಹನ್ನೆರಡು ತಿಂಗಳು.

ಜಾಗ ಹೊಳೆಯದಿದ್ದರೆ ಒಂದು ಮರ ಹಿಡಿಯಿರಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಜಯನಗರದಲ್ಲಿ ನೆತ್ತಿಯ ಮೇಲೆ ಕೈಕೈ ಹಿಡಿದು ನಿಂತ ಮರಗಳ ಕೆಳಗೆ ನಡೆಯುವಾಗ ಅವರನ್ನು ನೆನೆಯಿರಿ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಟಬೂಬಿಯಾ, ಏಪ್ರಿಲ್–ಮೇಯಲ್ಲಿ ಕೆಂಪು ಗುಲ್‌ಮೊಹರ್. ಒಂದೇ ಮರ ವರ್ಷದಲ್ಲಿ ನಾಲ್ಕು ಮರವಾಗುತ್ತದೆ. ಎಣಿಸಿ.

7. ದುಡ್ಡಿನ ನೆಪ ಮುಗಿಸಿ.

ಕರ್ನಾಟಕದ ಹೆಣ್ಣುಮಕ್ಕಳೇ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಮೈಸೂರಿಗೂ ಹೋಗಬಹುದು, ಬೇಲೂರಿಗೂ ಹೋಗಬಹುದು. ಗಂಡುಮಕ್ಕಳೇ, ಬಿಎಂಟಿಸಿ ದಿನದ ಪಾಸ್ ತೆಗೆದುಕೊಳ್ಳಿ. ಬೆಳಗ್ಗೆ ಒಂದು ದಿಕ್ಕು, ಸಂಜೆ ಇನ್ನೊಂದು ದಿಕ್ಕು. ವೀಕೆಂಡ್‌ನ ಒಂದು ಸ್ವಿಗ್ಗಿ ಆರ್ಡರ್ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

8. ಕೇಳಿ ತೆಗೆಯಿರಿ.

ನಸುಕಿಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಸೇವಂತಿಗೆಯ ರಾಶಿ, ಕನಕಾಂಬರದ ಮಾರು, ಗುಲಾಬಿಯ ಗುಡ್ಡೆ. ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಬಣ್ಣದ ಸಂತೆ. ಆದರೆ ಅದು ಅವರ ಅನ್ನದ ಜಾಗ. ದಾರಿಗಡ್ಡ ನಿಲ್ಲಬೇಡಿ. ಮೂಟೆ ಹೊತ್ತವರು "ಸೈಡು, ಸೈಡು" ಎಂದರೆ ಮೊದಲು ಸರಿಯಿರಿ, ಆಮೇಲೆ ಫೋಕಸ್.

ಕ್ಯಾಮೆರಾ ಎತ್ತುವ ಮೊದಲು ಬಾಯಿ ತೆರೆಯಿರಿ: "ಅಕ್ಕಾ, ಒಂದು ಫೋಟೊ ತೆಗೀಲಾ?" "ಬೇಡಪ್ಪ" ಎಂದರೆ "ಸರಿ ಅಕ್ಕಾ" ಎಂದು ನಕ್ಕು ಮುಂದೆ ಹೋಗಿ. "ತೆಗಿ, ಆದ್ರೆ ಒಂದ್ ಮಾರು ಹೂ ತಗೊ" ಎಂದರೆ ತೆಗೆದುಕೊಳ್ಳಿ. ತೆಗೆದ ಚಿತ್ರವನ್ನು ಅಲ್ಲೇ ತೋರಿಸಿ. ಮುಂದಿನ ಸಲ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡಿ. ಮೂರನೇ ಸಲ ನೀವು ಅಪರಿಚಿತರಾಗಿರುವುದಿಲ್ಲ, ಟೀ ಬರುತ್ತದೆ.

ಗೊತ್ತಿಲ್ಲದವರ ಜೊತೆ ಮಾತಿಗಿಳಿಯಲು ಹೆದರುತ್ತೀರಾ? ಇಂಟರ್‌ವ್ಯೂ ಎಂದರೆ ಬೆವರುತ್ತೀರಾ? ಹತ್ತು ಭಾನುವಾರ ಇಲ್ಲಿ ಹತ್ತು ಜನರನ್ನು ಹೀಗೆ ಕೇಳಿ. ಯಾವ ಸಾಫ್ಟ್ ಸ್ಕಿಲ್ಸ್ ಕೋರ್ಸೂ ಬೇಡ. ಮಕ್ಕಳ ಫೋಟೊ ಆದರೆ ಅಪ್ಪ–ಅಮ್ಮನನ್ನೇ ಕೇಳಿ. ಗುಡಿಯ ಗರ್ಭಗೃಹ, ಆಸ್ಪತ್ರೆ, ಮಸಣ: ಇಲ್ಲಿ ಕೇಳುವುದೂ ಬೇಡ, ತೆಗೆಯುವುದೂ ಬೇಡ.

9. ಕಾಯುವುದನ್ನು ಹಕ್ಕಿಗಳಿಂದ ಕಲಿಯಿರಿ.

ಮೈಸೂರು ಕಡೆಯ ರೈಲು ಹತ್ತಿ ಮದ್ದೂರಿನಲ್ಲಿ ಇಳಿಯಿರಿ. ವಡೆ ತಿನ್ನಿ (ಇದು ಕಡ್ಡಾಯ). ಅಲ್ಲಿಂದ ಕೊಕ್ಕರೆಬೆಳ್ಳೂರಿಗೆ ಆಟೊವೋ ಬಸ್ಸೋ ಹಿಡಿಯಿರಿ. ಡಿಸೆಂಬರಿನಿಂದ ಬೇಸಿಗೆಯವರೆಗೆ ಆ ಹಳ್ಳಿಯ ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತದೆ, ರಾಗಿ ಒಣಗಿಸಿರುತ್ತಾರೆ, ಹುಡುಗರು ಆಡುತ್ತಿರುತ್ತಾರೆ. ಮೇಲೆ ಮರಿಗಳಿಗೆ ಊಟ ನಡೆದಿರುತ್ತದೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ನೋಡಿಕೊಂಡು ಬಂದಿದ್ದಾರೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೂ ಹೋಗುತ್ತದೆ.

ಬಾಣಂತಿಯ ಕೋಣೆಯಲ್ಲಿ ಹೇಗಿರುತ್ತೀರೋ ಇಲ್ಲಿ ಹಾಗಿರಿ. ಕೂಗಾಟ ಬೇಡ, ಫ್ಲ್ಯಾಶ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವ ಜಾತಿಯವರು ಸಿಗುತ್ತಾರೆ. ಅವರ ಜೊತೆ ಬರಬೇಡಿ.

ಒಂದೇ ಮರದ ಕೆಳಗೆ ಎರಡು ಗಂಟೆ ಕೂತುಕೊಳ್ಳಿ. ಮೊದಲ ಅರ್ಧ ಗಂಟೆ ಬೋರು. ಆಮೇಲೆ ಒಂದು ಲಯ ಕಾಣತೊಡಗುತ್ತದೆ: ಯಾವ ದಿಕ್ಕಿನಿಂದ ಬರುತ್ತದೆ, ಇಳಿಯುವ ಮೊದಲು ರೆಕ್ಕೆ ಹೇಗೆ ಅಗಲಿಸುತ್ತದೆ, ಮರಿ ಯಾವಾಗ ಕೊಕ್ಕು ತೆರೆಯುತ್ತದೆ. ಲಯ ಸಿಕ್ಕಿದ ಮೇಲೆ ನೀವು ಹಕ್ಕಿಯ ಹಿಂದೆ ಓಡುವುದಿಲ್ಲ, ಅದು ಬರುವ ಜಾಗಕ್ಕೆ ಕ್ಯಾಮೆರಾ ಹಿಡಿದು ಕೂತಿರುತ್ತೀರಿ. ಫೋನಿನಲ್ಲಿ ಹಕ್ಕಿ ಚಿಕ್ಕದಾಗಿ ಬರುತ್ತದೆಯೇ? ಬರಲಿ. ಹಕ್ಕಿಯ ಜೊತೆ ಮರ, ಮರದ ಜೊತೆ ಮನೆ, ಮನೆಯ ಮುಂದೆ ಅಜ್ಜಿ ಎಲ್ಲವನ್ನೂ ಸೇರಿಸಿ ತೆಗೆಯಿರಿ. ಲಕ್ಷದ ಲೆನ್ಸ್ ತಂದವರು ಕೊಕ್ಕಿನ ಕ್ಲೋಸ್‌ಅಪ್ ಒಯ್ಯುತ್ತಾರೆ. ಊರು ಅವರಿಗೆ ಸಿಗುವುದಿಲ್ಲ.

10. ಕೆಲವೊಮ್ಮೆ ಫೋನ್ ಜೇಬಿನಿಂದ ತೆಗೆಯಲೇಬೇಡಿ.

ಬಿಟಿಎಂ ಲೇಔಟ್ ಸ್ಟೇಷನ್ನಿನಲ್ಲಿ ಹಳದಿ ಮೆಟ್ರೊ ಹತ್ತಿ ಕಿಟಕಿ ಪಕ್ಕ ನಿಲ್ಲಿ. ನೆಲದಿಂದ ಕಾಣದ ಬೆಂಗಳೂರು ಅಲ್ಲಿಂದ ಕಾಣುತ್ತದೆ: ಟೆರೇಸಿನ ತುಳಸಿ ಕಟ್ಟೆ, ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ಓದುತ್ತಿರುವ ಹುಡುಗಿ, ಒಣಹಾಕಿದ ಸಂಡಿಗೆ. ಕ್ಲಿಕ್ ಬೇಡ. ಇಳಿದ ಮೇಲೆ ಕಂಡ ಐದು ದೃಶ್ಯಗಳನ್ನು ಬರೆಯಿರಿ. ಐದು ಬರದಿದ್ದರೆ ನೀವು ನೋಡಿಲ್ಲ, ಬರೀ ಪ್ರಯಾಣ ಮಾಡಿದ್ದೀರಿ. ಸಂಜೆ ವಾಪಸ್ ಬರುವಾಗ ಮತ್ತೆ ನೋಡಿ.

11. ಡಿಲೀಟ್ ಮಾಡಲು ಧೈರ್ಯ ಮಾಡಿ.

ತೆಗೆದ ದಿನವೇ ಪೋಸ್ಟ್ ಮಾಡಬೇಡಿ. ಒಂದು ವಾರ ಬಿಡಿ. ತೆಗೆದ ದಿನ ಎಲ್ಲ ಫೋಟೊಗಳೂ ಹೆತ್ತವರಿಗೆ ಹೆಗ್ಗಣ ಮುದ್ದು. ವಾರದ ನಂತರ ಮೂವತ್ತಾರರಲ್ಲಿ ಐದು ಉಳಿಸಿ, ಉಳಿದವನ್ನು ತೆಗೆದುಹಾಕಿ. ಉಳಿಸಿದ ಐದನ್ನು ಇನ್ನೊಂದು ಕಡೆ ಬ್ಯಾಕಪ್ ಮಾಡಿ. ಫೋನು ಕಳೆದವರ ಮುಖ ಒಮ್ಮೆ ನೋಡಿದರೆ ಈ ಮಾತಿಗೆ ಕಾರಣ ಕೇಳುವುದಿಲ್ಲ.

ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ಯಾವ ಊರು, ಯಾವ ದಿನ, ಎಷ್ಟು ಹೊತ್ತಿಗೆ, ಯಾರು. 'ವೈಬ್ಸ್' ಎಂದು ಬರೆದರೆ ಐದು ವರ್ಷದ ನಂತರ ನಿಮಗೇ ತಿಳಿಯುವುದಿಲ್ಲ. 'ತಾವರೆಕೆರೆ ಮೇನ್ ರೋಡ್, ಬೆಳಗ್ಗೆ 6:40, ಹಾಲಿನ ಕ್ರೇಟ್ ಇಳಿಸುತ್ತಿರುವ ಹುಡುಗ' ಎಂದು ಬರೆದರೆ ತಿಳಿಯುತ್ತದೆ. ಏಳು ನೂರು ವರ್ಷದ ಹಿಂದೆ ಯಾರೋ ಇದೇ ಊರಿನ ಹೆಸರನ್ನು ಕಲ್ಲಿಗೆ ಬರೆಸಿದ್ದರಿಂದಲೇ ನಮಗೆ ಸಿಕ್ಕಿದ್ದು.

ತಿಂಗಳಿಗೊಂದು ಫೋಟೊ ಪ್ರಿಂಟ್ ಹಾಕಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಓನರ್ ಬೈದರೆ ಬೀರುವಿನ ಒಳಬಾಗಿಲಿಗೆ.

ಈಗ ಈ ಲೇಖನ ಬದಿಗಿಡಿ. ಇವತ್ತು ಯಾವ ವಾರವಾದರೂ ಸರಿ, ಶನಿವಾರ ರಾತ್ರಿಗೆ ಒಂದು ರಿಮೈಂಡರ್ ಹಾಕಿ: ಫೋನ್ ಚಾರ್ಜಿಗೆ, ಅಲಾರ್ಮ್ 5:15ಕ್ಕೆ, ಲೆನ್ಸ್ ಒರೆಸಲು ಹಳೆ ಕಾಟನ್ ಬಟ್ಟೆಯ ತುಂಡೊಂದು ಜೇಬಿಗೆ. ಮಲಗುವ ಮೊದಲು ಕೆಳಗಿಳಿದು ಸೆಕ್ಯುರಿಟಿಯವರಿಗೆ ಹೇಳಿ ಬನ್ನಿ: "ಅಣ್ಣಾ, ನಾಳೆ ಐದೂವರೆಗೆ ಗೇಟ್ ತೆಗೀಬೇಕು."